ಬೇಸಿಗೆಯಲ್ಲಿ ತಂಡದ ಜೊತೆ ಬೆಟ್ಟದ ಓಟ: ಎಲ್ಲರೂ ಒಟ್ಟಿಗೆ ಹೋಗೋದು ಹೇಗೆ?

ಬಯಲುಓಟ:

ಎಲ್ಲರಿಗೂ ನಮಸ್ಕಾರ. ನಾವು ಏಳು ಜನ ಒಂದೇ ತಂಡದಲ್ಲಿ ಓಡುವವರು. ವರ್ಷವಿಡೀ ಟ್ರ್ಯಾಕ್, ರಸ್ತೆ, ಸಮತಟ್ಟಾದ ಮಣ್ಣುದಾರಿ, ಇಷ್ಟೇ. ಈ ಬೇಸಿಗೆಯಲ್ಲಿ ಒಂದು ವಾರ ಬೆಟ್ಟದಲ್ಲೇ ಉಳಿದುಕೊಂಡು ಟ್ರೇಲ್ ಓಟ ಅಭ್ಯಾಸ ಮಾಡೋಣ ಅಂತ ಮಾತಾಗಿದೆ. ಉಳಿಯುವ ಜಾಗ ಸುಮಾರು 1,500 ಮೀಟರ್ ಎತ್ತರದಲ್ಲಿದೆ, ಅಲ್ಲಿಂದ ಹೊರಡುವ ಕಾಲುದಾರಿಗಳು 2,600 ಮೀಟರ್‌ವರೆಗೂ ಹೋಗುತ್ತವೆ.

ಇದಕ್ಕೆ ತಯಾರಿ ಅಂತ ಒಂದು ಸಣ್ಣ ಗುಡ್ಡ ಹತ್ತಿ ನೋಡಿದೆವು. ಸಮತಟ್ಟಿನಲ್ಲಿ ಭುಜಕ್ಕೆ ಭುಜ ತಾಗಿಸಿ ಓಡುವವರು ಮೊದಲ ಏರಿನಲ್ಲೇ ಚೆಲ್ಲಾಪಿಲ್ಲಿಯಾದರು. ಮುಂದಿನ ಇಬ್ಬರು ಕಣ್ಣಿಗೇ ಬೀಳಲಿಲ್ಲ. ಕೊನೆಯಲ್ಲಿದ್ದ ಹುಡುಗಿ ಹೊಸಬಳು, ಒಂದು ಕವಲಿನಲ್ಲಿ ಯಾವ ಕಡೆ ಹೋಗಬೇಕು ಅಂತ ಗೊತ್ತಾಗದೆ ಬಿಸಿಲಲ್ಲಿ ನಿಂತೇ ಇದ್ದಳು. "ಸುಸ್ತಾಯ್ತಾ?" ಅಂತ ಕೇಳಿದರೆ ಅವಳು ಯಾವಾಗಲೂ "ಇಲ್ಲ, ಪರವಾಗಿಲ್ಲ" ಅನ್ನೋಳೇ. ವೇಗದವರಿಗೆ ಕಾಯೋದು ಬೇಜಾರು, ಹಿಂದಿನವರಿಗೆ ಕಾಯಿಸೋದು ಸಂಕೋಚ. ಒಂದು ವಾರ ಹೀಗೇ ನಡೆದರೆ ತಂಡದಲ್ಲಿ ಮನಸ್ತಾಪ ಆಗೋದು ಖಂಡಿತ.

ಕಿಲೋಮೀಟರಿಗೆ ಎಷ್ಟು ನಿಮಿಷ ಅಂತ ಲೆಕ್ಕ ಇಟ್ಟುಕೊಳ್ಳಬೇಕು? ಬಿಸಿಲು, ನೀರು ಇದಕ್ಕೆಲ್ಲ ಏನು ಏರ್ಪಾಡು? ಬೆಟ್ಟದಲ್ಲಿ ತಂಡವಾಗಿ ಓಡಿ ಅಭ್ಯಾಸ ಇರುವವರು ದಯವಿಟ್ಟು ವಿವರವಾಗಿ ಹೇಳಿ.

ಏರುದಾರಿ:

ಮೊದಲನೇದಾಗಿ, ಕಿಲೋಮೀಟರಿಗೆ ಎಷ್ಟು ನಿಮಿಷ ಅನ್ನೋ ಲೆಕ್ಕವನ್ನು ಮನೆಯಲ್ಲೇ ಬಿಟ್ಟು ಹೋಗಿ. ಬೆಟ್ಟದಲ್ಲಿ ಒಂದು ಕಿಲೋಮೀಟರ್ ಆರು ನಿಮಿಷಕ್ಕೂ ಮುಗಿಯಬಹುದು, ಇಪ್ಪತ್ತು ನಿಮಿಷವನ್ನೂ ನುಂಗಬಹುದು. ಲೆಕ್ಕ ಹಾಕಬೇಕಾದ್ದು ಗಂಟೆಗಳನ್ನು ಮತ್ತು ಏರನ್ನು. ಸ್ಕಾಟ್ಲೆಂಡಿನ ನೈಸ್ಮಿತ್ ಅನ್ನೋ ಪರ್ವತಾರೋಹಿ 1892ರಲ್ಲೇ ಒಂದು ಸುಲಭದ ಸೂತ್ರ ಕೊಟ್ಟಿದ್ದಾನೆ. ಸರಿಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 15 ಕಿಲೋಮೀಟರ್ ದೂರ, 1,200 ಮೀಟರ್ ಏರು ಇದ್ದರೆ ನಡೆಯುವವರಿಗೆ ಐದು ಗಂಟೆ ಆಯ್ತು. ನೀವು ಓಡುವವರು, ಇದಕ್ಕಿಂತ ಬೇಗ ಮುಗಿಸುತ್ತೀರಿ, ಸರಿ. ಆದರೆ ಆ ಐದರಲ್ಲಿ ಎರಡು ಗಂಟೆ ಬರೀ ಏರಿಗೇ ಹೋಗಿದೆ ನೋಡಿ. ಬಯಲಿನಲ್ಲಿ 15 ಕಿಲೋಮೀಟರ್ ಓಡೋ ಹೊತ್ತನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಟರೆ ನೀರೂ ಸಾಲೋದಿಲ್ಲ, ಬೆಳಕೂ ಸಾಲೋದಿಲ್ಲ.

ಎರಡನೇದು, ಕಡಿದಾದ ಏರನ್ನು ನಡೆದೇ ಹತ್ತಿ. ಬಯಲಿನಲ್ಲಿ ಓಡುವವರಿಗೆ ನಡೆಯೋದು ಸೋಲು ಅನ್ನಿಸುತ್ತೆ, ಇಲ್ಲಿ ಹಾಗಲ್ಲ. ತುಂಬಾ ಕಡಿದಾದ ದಾರಿಯಲ್ಲಿ ಹೇಗೂ ವೇಗ ನಡಿಗೆಯಷ್ಟೇ ಇರುತ್ತೆ, ಆ ವೇಗದಲ್ಲಿ ಓಡೋದಕ್ಕಿಂತ ನಡೆದರೆ ಖರ್ಚಾಗೋ ಶಕ್ತಿ ಕಡಿಮೆ. ದೊಡ್ಡ ಓಟಗಳಲ್ಲಿ ಮುಂದಿರುವವರೂ ಮೊಣಕಾಲ ಮೇಲೆ ಕೈ ಒತ್ತಿಕೊಂಡು ನಡೆಯುತ್ತಾರೆ. ಸಣ್ಣ ಹೆಜ್ಜೆ, ಇಡೀ ಪಾದ ನೆಲಕ್ಕೆ, ಬೆನ್ನು ನೇರ. ಮಾತಾಡುತ್ತಾ ಹತ್ತೋಕೆ ಆಗಬೇಕು. ಪೂರ್ತಿ ವಾಕ್ಯ ಹೇಳೋಕೆ ಆಗ್ತಿಲ್ಲ ಅಂದರೆ ಜೋರಾಯ್ತು ಅಂತಲೇ ಅರ್ಥ. ಏರನ್ನು ಎಲ್ಲರೂ ನಡೆದು ಹತ್ತೋಣ ಅಂತ ಮೊದಲೇ ಒಪ್ಪಿಕೊಂಡರೆ ನಿಮ್ಮ ಅರ್ಧ ಸಮಸ್ಯೆ ಅಲ್ಲೇ ಕರಗುತ್ತೆ, ಯಾಕಂದರೆ ನಡಿಗೆಯಲ್ಲಿ ವೇಗದವರಿಗೂ ನಿಧಾನದವರಿಗೂ ಅಷ್ಟೊಂದು ಅಂತರ ಬೀಳೋದಿಲ್ಲ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಕವಲು ಬಂದಲ್ಲೆಲ್ಲ ಎಲ್ಲರೂ ಸೇರೋವರೆಗೆ ನಿಲ್ಲಬೇಕು, ಇದರಲ್ಲಿ ಯಾವ ರಿಯಾಯಿತಿಯೂ ಬೇಡ. ಆದರೆ ಬರೀ ನಿಂತರೆ ಸಾಲದು. ತಂಡಗಳಲ್ಲಿ ಏನಾಗುತ್ತೆ ಅಂದ್ರೆ, ಮುಂದೆ ಹೋದವರು ಹತ್ತು ನಿಮಿಷ ಕೂತು, ನೀರು ಕುಡಿದು, ಉಸಿರು ಸುಧಾರಿಸಿಕೊಂಡಿರುತ್ತಾರೆ. ಕೊನೆಯವರು ಏದುಸಿರು ಬಿಡುತ್ತಾ ಬಂದು ಸೇರಿದ ತಕ್ಷಣ "ಸರಿ, ಎಲ್ಲರೂ ಬಂದ್ರಲ್ಲ, ಹೊರಡೋಣ" ಅಂತ ಎದ್ದುಬಿಡುತ್ತಾರೆ. ಅಂದರೆ ವಿಶ್ರಾಂತಿ ಯಾರಿಗೆ ಬೇಡವೋ ಅವರಿಗೆ ಸಿಗುತ್ತೆ, ಬೇಕಾದವರಿಗೆ ಒಂದು ನಿಮಿಷವೂ ಇಲ್ಲ. ಹೀಗೆ ನಾಲ್ಕು ಕವಲು ದಾಟಿದರೆ ಕೊನೆಯವರ ಕಥೆ ಮುಗಿಯಿತು. ಆದ್ದರಿಂದ ಹೊರಡೋಣ ಅನ್ನೋ ಮಾತು ಕೊನೆಗೆ ಬಂದವರ ಬಾಯಿಂದಲೇ ಬರಬೇಕು. ಅವರು ಕೂತು, ಕುಡಿದು, ತಿಂದು, ಶೂ ಒಳಗಿನ ಕಲ್ಲು ತೆಗೆದು, ಆಮೇಲೆ.

ವೇಗದವರಿಗೆ ಬೇಜಾರು ಆಗುತ್ತೆ ಅಂದಿರಲ್ಲ, ಅದಕ್ಕೂ ದಾರಿ ಇದೆ. ಮುಂದಿನವರು ಕವಲು ತಲುಪಿದ ಮೇಲೆ ಅಲ್ಲಿ ಒಬ್ಬರು ನಿಲ್ಲಲಿ, ಇನ್ನೊಬ್ಬರು ತಿರುಗಿ ಕೊನೆಯವರು ಸಿಗೋವರೆಗೆ ಕೆಳಗೆ ಇಳಿದು ಅವರ ಜೊತೆ ಮತ್ತೆ ಹತ್ತಲಿ. ಅವರಿಗೆ ಹೆಚ್ಚಿನ ಏರು ಸಿಕ್ಕಿತು, ಹಿಂದಿನವರಿಗೆ ಜೊತೆ ಸಿಕ್ಕಿತು. ನಮ್ಮ ತಂಡದಲ್ಲಿ ಇದು ಎಷ್ಟು ರೂಢಿಯಾಗಿದೆ ಅಂದ್ರೆ, ಇವತ್ತು ಕೆಳಗಿಳಿಯೋ ಸರದಿ ಯಾರದ್ದು ಅಂತ ಬೆಳಿಗ್ಗೆಯೇ ಮಾತಾಗಿರುತ್ತೆ.

ತಂಪುನೆರಳು:

ಏರುದಾರಿ ಸರ್ ಹೇಳಿದ್ದೆಲ್ಲ ಸರಿ. ನಾನು ಬಿಸಿಲಿನ ವಿಷಯ ಹೇಳುತ್ತೇನೆ, ಯಾಕಂದರೆ ಬೆಟ್ಟ ಅಂದ್ರೆ ತಂಪು ಅಂತ ನಂಬಿಕೊಂಡು ಹೋಗುವವರೇ ಜಾಸ್ತಿ. ಪ್ರತಿ 1,000 ಮೀಟರ್ ಮೇಲೆ ಹೋದ ಹಾಗೆ ಗಾಳಿಯ ಉಷ್ಣತೆ ಸುಮಾರು 6.5 ಡಿಗ್ರಿ ಇಳಿಯುತ್ತೆ, ನಿಜ. ಅದೇ 1,000 ಮೀಟರಿಗೆ ನೇರಳಾತೀತ ಕಿರಣ ಸುಮಾರು ಶೇಕಡಾ 10ರಷ್ಟು ಏರುತ್ತೆ. ಮೇಲ್ಗಡೆ ಮರ ಇರೋದಿಲ್ಲ, ನೆರಳಿಲ್ಲ. ಗಾಳಿ ಬೀಸ್ತಾ ಇರೋದ್ರಿಂದ ಬೆವರು ಆಗಾಗಲೇ ಆರಿ ಹೋಗುತ್ತೆ, ಎಷ್ಟು ನೀರು ಹೊರಗೆ ಹೋಯ್ತು ಅಂತ ಗೊತ್ತೇ ಆಗಲ್ಲ. ಅಂಗಿಯ ಭುಜದ ಮೇಲೆ, ಚೀಲದ ಪಟ್ಟಿಯ ಕೆಳಗೆ ಬಿಳಿ ಉಪ್ಪಿನ ಗೆರೆ ಕಂಡಾಗ ಅರಿವಾಗುತ್ತೆ.

ದೇಹ ಬಿಸಿಲಿಗೆ ಹೊಂದಿಕೊಳ್ಳೋಕೆ 10ರಿಂದ 14 ದಿನ ಬೇಕು. ರಕ್ತದಲ್ಲಿ ನೀರಿನ ಅಂಶ ಹೆಚ್ಚೋದು, ಬೆವರು ಬೇಗ ಶುರುವಾಗೋದು, ಬೆವರಿನಲ್ಲಿ ಉಪ್ಪು ಕಡಿಮೆಯಾಗೋದು, ಇದೆಲ್ಲ ನಿಧಾನಕ್ಕೆ ಆಗೋ ಬದಲಾವಣೆ. ನಿಮ್ಮದು ಒಂದೇ ವಾರ. ಹಾಗಾಗಿ ಹೊರಡೋ ಮುಂಚಿನ ಎರಡು ವಾರ ಊರಿನಲ್ಲೇ ಸ್ವಲ್ಪ ಬಿಸಿ ಹೊತ್ತಿನಲ್ಲಿ, ಆರಾಮದ ವೇಗದಲ್ಲಿ ಓಡಿ. ಬೆಟ್ಟಕ್ಕೆ ಹೋದ ಮೇಲೆ ಬೆಳಕು ಹರಿಯೋ ಹೊತ್ತಿಗೇ ಹೊರಡಿ, ದೊಡ್ಡ ಏರು ಬಿಸಿಲು ಏರೋಕೆ ಮುಂಚೆ ಮುಗಿಯಲಿ.

ನೀರು: ಗಂಟೆಗೆ ಹೆಚ್ಚು ಕಡಿಮೆ 400ರಿಂದ 800 ಮಿಲಿಲೀಟರ್ ಅಂತ ಲೆಕ್ಕ ಇಟ್ಟುಕೊಂಡು ಹೊತ್ತುಕೊಳ್ಳಿ, ಆದರೆ ಕುಡಿಯೋದು ಬಾಯಾರಿಕೆ ಆದಾಗ. ಈ ಮಾತನ್ನು ದಯವಿಟ್ಟು ಲಘುವಾಗಿ ತಗೋಬೇಡಿ. "ಕುಡೀತಾ ಇರು, ಕುಡೀತಾ ಇರು" ಅಂತ ಒತ್ತಾಯ ಮಾಡೋದೂ ಅಪಾಯವೇ. ಅತಿಯಾಗಿ ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ ತೆಳುವಾಗುತ್ತೆ. ತಲೆನೋವು, ವಾಂತಿ, ಊದಿದ ಬೆರಳು, ಗೊಂದಲ ಶುರುವಾಗುತ್ತೆ, ಜೀವಕ್ಕೇ ಕುತ್ತು ಬರಬಹುದು. ಆ ಹೊತ್ತಿನಲ್ಲಿ ಸುಮ್ನೆ ಇನ್ನಷ್ಟು ನೀರು ಕುಡಿಸಿದರೆ ಪರಿಸ್ಥಿತಿ ಕೈಮೀರುತ್ತೆ. ಎರಡು ಗಂಟೆಗಿಂತ ಜಾಸ್ತಿ ಹೊತ್ತಿನ ಓಟಕ್ಕೆ ಉಪ್ಪಿರುವ ತಿನಿಸೂ ಇರಲಿ, ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ ಅಂಶದ ತಿನಿಸೂ ಇರಲಿ. ದಾರಿಯ ತೊರೆಯ ನೀರು ಎಷ್ಟೇ ತಿಳಿಯಾಗಿ ಕಂಡರೂ ಫಿಲ್ಟರ್ ಅಥವಾ ಮಾತ್ರೆ ಇಲ್ಲದೆ ಕುಡಿಯಬೇಡಿ. ಕುದಿಸೋದಾದರೆ ಚೆನ್ನಾಗಿ ಒಂದು ನಿಮಿಷ, 2,000 ಮೀಟರ್ ಮೇಲೆ ಮೂರು ನಿಮಿಷ. ಕುಡಿಯದಿದ್ದರೂ ಆ ನೀರು ಬೇರೆ ಕೆಲಸಕ್ಕೆ ಬರುತ್ತೆ: ಟೋಪಿ ಅದ್ದಿ ಹಾಕಿಕೊಳ್ಳಿ, ಕತ್ತಿನ ಬಟ್ಟೆ ತೋಯಿಸಿ, ತೋಳಿಗೆ ಸುರಿದುಕೊಳ್ಳಿ. ಅಮೆರಿಕದ ವೆಸ್ಟರ್ನ್ ಸ್ಟೇಟ್ಸ್ 100 ಮೈಲಿ ಓಟ ಜೂನ್ ಕೊನೆಯಲ್ಲಿ ನಡೆಯುತ್ತೆ, ಕಣಿವೆಗಳಲ್ಲಿ 38 ಡಿಗ್ರಿ ದಾಟೋದು ಹೊಸದೇನಲ್ಲ. ಅಲ್ಲಿ ಓಡುವವರು ಬಟ್ಟೆಯೊಳಗೆ ಐಸ್ ತುಂಬಿ ಕತ್ತಿಗೆ ಕಟ್ಟಿಕೊಳ್ಳುತ್ತಾರೆ.

ಇನ್ನು ಆ ಹೊಸ ಹುಡುಗಿಯ ವಿಷಯ. "ಸುಸ್ತಾಯ್ತಾ" ಅಂತ ಕೇಳಿದರೆ ಯಾರೂ ಹೌದು ಅನ್ನಲ್ಲ. ಉತ್ತರ ಯೋಚಿಸಿ ಹೇಳಬೇಕಾದ ಪ್ರಶ್ನೆ ಕೇಳಿ. "ಕೊನೇ ಸಲ ಏನು ತಿಂದೆ, ಯಾವಾಗ?" "ಬಾಟಲಿಯಲ್ಲಿ ಎಷ್ಟು ಉಳಿದಿದೆ, ತೋರಿಸು." ಉತ್ತರ ತಡವಾದರೆ, ಮಾತು ತೊದಲಿದರೆ, ಸಮತಟ್ಟು ಜಾಗದಲ್ಲೂ ಕಾಲು ಎಡವುತ್ತಿದ್ದರೆ, ಇದ್ದಕ್ಕಿದ್ದಂತೆ ಸಿಡುಕು ಬಂದರೆ ಅಲ್ಲೇ ನಿಲ್ಲಿಸಿ, ನೆರಳಿಗೆ ಕರೆದುಕೊಂಡು ಹೋಗಿ. ಮೈ ಸುಡುತ್ತಿದ್ದು ಗೊಂದಲವೂ ಇದ್ದರೆ ಅದು ಶಾಖಾಘಾತ, ಒಳಗಿನ ಉಷ್ಣತೆ 40 ಡಿಗ್ರಿ ದಾಟಿರುತ್ತೆ. ಬೆವರು ಬರ್ತಾ ಇದೆಯಲ್ಲ ಅಂತ ಸಮಾಧಾನ ಪಡಬೇಡಿ, ಓಡುವವರಿಗೆ ಶಾಖಾಘಾತ ಆದಾಗ ಬೆವರು ಬರುತ್ತಲೇ ಇರಬಹುದು. ಮೊದಲು ತಂಪು ಮಾಡಿ, ಆಮೇಲೆ ಸಾಗಿಸಿ. ಹತ್ತಿರ ತೊರೆ ಇದ್ದರೆ ತಲೆ ಹಿಡಿದುಕೊಂಡು ಕತ್ತಿನವರೆಗೆ ನೀರಲ್ಲಿ ಮಲಗಿಸಿ. ಇಲ್ಲದಿದ್ದರೆ ಎಲ್ಲರ ಬಾಟಲಿ ನೀರೂ ಮೈಮೇಲೆ ಸುರಿದು ಜೋರಾಗಿ ಗಾಳಿ ಹಾಕಿ. ಇನ್ನೊಬ್ಬರು ಅದೇ ಹೊತ್ತಿಗೆ ಸಹಾಯಕ್ಕೆ ಫೋನ್ ಮಾಡಲಿ.

ಎರಡುಗುಂಪು:

ನನಗೆ ಸ್ವಲ್ಪ ಬೇರೆ ಅಭಿಪ್ರಾಯ ಇದೆ. ಏಳು ಜನ ಒಂದೇ ಗುಂಪಾಗಿ ಓಡೋದು ಬೇಡ. ಅಷ್ಟು ಜನ ಇದ್ದರೆ ನಿಲ್ಲೋದೇ ಜಾಸ್ತಿ ಆಗುತ್ತೆ. ಒಬ್ಬರಿಗೆ ಶೂ ದಾರ, ಇನ್ನೊಬ್ಬರಿಗೆ ಫೋಟೋ, ಮತ್ತೊಬ್ಬರಿಗೆ ನೀರು. ಬೆವರಿದ ಮೈಯಲ್ಲಿ ಗಾಳಿಗೆ ಹತ್ತು ನಿಮಿಷ ನಿಂತರೆ ಬೇಸಿಗೆಯಲ್ಲೂ ನಡುಕ ಬರುತ್ತೆ. ವೇಗದವರು ಮೂವರು, ನಿಧಾನದವರು ನಾಲ್ವರು ಅಂತ ಮೊದಲೇ ಎರಡು ಗುಂಪು ಮಾಡಿ. ಒಂದೇ ಬೆಟ್ಟ, ಬೇರೆ ಬೇರೆ ದಾರಿ, ಮಧ್ಯಾಹ್ನ ಒಂದೇ ಕಡೆ ಸೇರೋದು. ಯಾರಿಗೂ ಸಂಕೋಚ ಇಲ್ಲ. ನಿಧಾನದ ಗುಂಪಿನಲ್ಲಿ ಹೊಸಬರು ತಮ್ಮ ಕಾಲಿನ ಲಯ ತಾವೇ ಕಂಡುಕೊಳ್ಳುತ್ತಾರೆ, ಯಾರ ಬೆನ್ನನ್ನೂ ಹಿಂಬಾಲಿಸಬೇಕಾಗಿಲ್ಲ.

ಏರುದಾರಿ:

@ಎರಡುಗುಂಪು ಒಪ್ಪುತ್ತೇನೆ, ಆದರೆ ಷರತ್ತು ಇದೆ. ಒಂದು ಗುಂಪಿನಲ್ಲಿ ಮೂರು ಜನಕ್ಕಿಂತ ಕಡಿಮೆ ಬೇಡ. ಒಬ್ಬರಿಗೆ ಪೆಟ್ಟಾದರೆ ಒಬ್ಬರು ಜೊತೆಗಿರಬೇಕು, ಒಬ್ಬರು ಸಹಾಯಕ್ಕೆ ಹೋಗಬೇಕು. ಎರಡೂ ಗುಂಪಿನಲ್ಲಿ ದಾರಿ ಓದೋಕೆ ಬರುವವರು ಇರಬೇಕು, ಫೋನಿನಲ್ಲಿ ಇಳಿಸಿಟ್ಟ ನಕ್ಷೆ ಜೊತೆಗೆ ಕಾಗದದ್ದೂ ಇರಬೇಕು. ಅನುಭವ ಇರುವವರೆಲ್ಲ ವೇಗದ ಗುಂಪಿಗೆ ಸೇರಿಕೊಂಡು, ಏನೂ ಗೊತ್ತಿಲ್ಲದ ನಾಲ್ವರನ್ನು ಹಿಂದೆ ಬಿಡೋದು ತುಂಬಾ ಕಡೆ ಆಗುತ್ತೆ. ಅದನ್ನು ಮಾತ್ರ ಮಾಡಬೇಡಿ. ಹಾಗೇ, ವಾರದಲ್ಲಿ ಒಂದೆರಡು ದಿನವಾದರೂ ಏಳೂ ಜನ ಒಟ್ಟಿಗೆ ಹೋಗಿ. ಇಡೀ ವಾರ ಬೇರೆ ಬೇರೆ ಓಡೋದಾದರೆ ತಂಡ ಅಂತ ಬೆಟ್ಟಕ್ಕೆ ಹೋಗೋದಾದರೂ ಯಾಕೆ, ಅಲ್ವಾ? ಆಲ್ಪ್ಸ್ ದಾಟೋ ಟ್ರಾನ್ಸ್‌ಆಲ್ಪೈನ್ ಓಟ ನೋಡಿ, 2005ರಿಂದ ನಡೀತಿದೆ. ಅಲ್ಲಿ ಜೋಡಿ ತಂಡಗಳು ದಿನಗಟ್ಟಲೆ ಜೊತೆಯಾಗೇ ಓಡಬೇಕು. ಜೊತೆಗಾರರ ಉಸಿರು ಕೇಳಿ ತನ್ನ ವೇಗ ತಗ್ಗಿಸೋದು ಕೂಡ ಕಲಿಯಬೇಕಾದ ಒಂದು ಕೌಶಲ.

ಇಳಿಜಾರು:

ಎಲ್ಲರೂ ಏರಿನ ಬಗ್ಗೆಯೇ ಹೇಳ್ತಾ ಇದ್ದೀರಿ. ಬಯಲಿನ ಓಟಗಾರರ ಕಾಲು ಕೈಕೊಡೋದು ಇಳಿಯುವಾಗ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಭಾರ ತಡೀಬೇಕು, ಅದರಿಂದ ಸ್ನಾಯುವಿನ ಎಳೆಗಳಲ್ಲಿ ಸಣ್ಣ ಸಣ್ಣ ಗಾಯ ಆಗುತ್ತೆ. ಅವತ್ತು ಏನೂ ಅನ್ನಿಸಲ್ಲ. ನೋವು ಜೋರಾಗೋದು 24ರಿಂದ 72 ಗಂಟೆಯ ಮಧ್ಯೆ. ಅಂದರೆ ಮೊದಲ ದಿನ ಖುಷಿಯಲ್ಲಿ 1,000 ಮೀಟರ್ ಹಾರಿಕೊಂಡು ಇಳಿದರೆ ಮೂರನೇ ದಿನ ಮೆಟ್ಟಿಲು ಇಳಿಯೋಕೂ ಕಂಬಿ ಹಿಡಿಯಬೇಕಾಗುತ್ತೆ, ಇಡೀ ವಾರ ಹಾಳು.

ಒಳ್ಳೇ ಸುದ್ದಿ ಏನಂದ್ರೆ ಒಂದು ಸಲ ಇಳಿಜಾರಿನ ಪೆಟ್ಟು ತಿಂದ ಸ್ನಾಯು ಮುಂದಿನ ಕೆಲವು ವಾರ ಅದೇ ಪೆಟ್ಟಿಗೆ ಅಷ್ಟು ನೋಯೋದಿಲ್ಲ. ಹಾಗಾಗಿ ಹೊರಡೋಕೆ ಎರಡು ಮೂರು ವಾರ ಮುಂಚೆಯೇ ಸಿಕ್ಕ ಇಳಿಜಾರಿನಲ್ಲಿ, ಇಲ್ಲದಿದ್ದರೆ ಮೆಟ್ಟಿಲಲ್ಲಾದರೂ ಕೆಳಗೆ ಓಡಿ ಅಭ್ಯಾಸ ಮಾಡಿ. ಬೆಟ್ಟದಲ್ಲಿ ಹೆಜ್ಜೆ ಸಣ್ಣದಿರಲಿ, ಬೇಗ ಬೇಗ ಬೀಳಲಿ. ಹಿಂದಕ್ಕೆ ವಾಲಿ ಹಿಮ್ಮಡಿ ಊರಿದರೆ ಜಾರೋದು ಗ್ಯಾರಂಟಿ. ಪಾದ ಮೈಯ ಕೆಳಗೇ ಬೀಳಬೇಕು, ಮೊಣಕಾಲು ಸ್ವಲ್ಪ ಮಡಚಿರಬೇಕು, ತೋಳು ಅಗಲಕ್ಕೆ ತೆರೆದಿರಬೇಕು, ಕಣ್ಣು ಕಾಲಿನ ಮೇಲಲ್ಲ, ಮೂರು ನಾಲ್ಕು ಮೀಟರ್ ಮುಂದೆ. ಇಳಿಯೋಕೆ ಮುಂಚೆ ಶೂ ದಾರವನ್ನು ಕಣಕಾಲಿನ ಹತ್ತಿರ ಬಿಗಿ ಮಾಡಿ, ಇಲ್ಲದಿದ್ದರೆ ಬೆರಳು ಶೂ ತುದಿಗೆ ಬಡಿದೂ ಬಡಿದೂ ಉಗುರು ಕಪ್ಪಾಗುತ್ತೆ.

ತಂಡವಾಗಿ ಇಳಿಯುವಾಗ ಅಂತರ ಇರಲಿ. ಮುಂದಿನವರ ಹಿಮ್ಮಡಿಗೆ ಅಂಟಿಕೊಂಡು ಓಡಿದರೆ ನೆಲವೇ ಕಾಣಲ್ಲ. ಸಡಿಲ ಕಲ್ಲಿನ ದಾರಿ ಅಂಕುಡೊಂಕಾಗಿದ್ದರೆ ಮೇಲಿನವರು ಉರುಳಿಸಿದ ಕಲ್ಲು ಕೆಳಗಿನ ತಿರುವಿನಲ್ಲಿ ಇರುವವರ ತಲೆಗೇ ಬರುತ್ತೆ. ಕಲ್ಲು ಜಾರಿದ ತಕ್ಷಣ "ಕಲ್ಲು!" ಅಂತ ಕಿರುಚಬೇಕು, ಎಷ್ಟೇ ಸಣ್ಣದಿರಲಿ. ಇನ್ನೊಂದು, ಏರಿನಲ್ಲಿ ಹಿಂದೆ ಬೀಳುವವರು ಎಷ್ಟೋ ಸಲ ಇಳಿಯೋದರಲ್ಲಿ ಮುಂದು. ನಿಮ್ಮ ಹೊಸ ಹುಡುಗಿಯನ್ನು ಇಳಿಜಾರಿನಲ್ಲಿ ಮುಂದೆ ಬಿಟ್ಟು ನೋಡಿ.

ಬಯಲುಓಟ:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಹೊರಡೋ ಮಾತು ಕೊನೆಯವರೇ ಹೇಳಬೇಕು ಅನ್ನೋದನ್ನ ತಂಡದ ಗುಂಪಿನಲ್ಲಿ ಆಗಲೇ ಹಾಕಿದೆ, ಮುಂದೆ ಓಡೋ ಇಬ್ಬರೂ ಒಪ್ಪಿದ್ದಾರೆ. ಇನ್ನೆರಡು ಅನುಮಾನ. ಬೇಸಿಗೆ ಅಲ್ವಾ, ಮಳೆ ಜಾಕೆಟ್ ಹೊರಬೇಕಾ? ಅಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಬರುತ್ತೆ ಅಂತಾರೆ. ಮತ್ತೆ 2,600 ಮೀಟರ್ ಎತ್ತರದಿಂದ ಏನಾದರೂ ತೊಂದರೆ ಇದೆಯಾ?

ತಂಪುನೆರಳು:

ಎತ್ತರದ ಬಗ್ಗೆ: 2,500 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಮುಕ್ಕಾಲು ಭಾಗ ಮಾತ್ರ. ಏದುಸಿರು ಬೇಗ ಬರುತ್ತೆ, ಅದು ಸಹಜ. ನೀವು ಮಲಗೋದು 1,500ರಲ್ಲಿ, ಮೇಲೆ ಹೋಗಿ ಅವತ್ತೇ ಇಳೀತೀರಿ, ಹಾಗಾಗಿ ದೊಡ್ಡ ಚಿಂತೆ ಬೇಡ. ಆದರೂ ಮೇಲೆ ಯಾರಿಗಾದರೂ ತಲೆನೋವಿನ ಜೊತೆ ವಾಕರಿಕೆ ಬಂದರೆ ಇನ್ನೂ ಮೇಲೆ ಹತ್ತಬೇಡಿ, ಇಳಿದುಬಿಡಿ. ಮೊದಲ ಎರಡು ದಿನ ಕಡಿಮೆ ಎತ್ತರದ ದಾರಿಗಳಲ್ಲೇ ಓಡಿ.

ಏರುದಾರಿ:

ಜಾಕೆಟ್ ಖಂಡಿತ ಬೇಕು, ಪ್ರತಿಯೊಬ್ಬರಿಗೂ. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ 100 ಕಿಲೋಮೀಟರ್ ಬೆಟ್ಟದ ಓಟ ನಡೀತಿತ್ತು. ಮೇಲಿನ ಏರಿನಲ್ಲಿ ಇದ್ದಕ್ಕಿದ್ದಂತೆ ಬಿರುಗಾಳಿ, ಆಲಿಕಲ್ಲು, ಕೊರೆಯುವ ಮಳೆ ಶುರುವಾಯಿತು. ತುಂಬಾ ಜನ ಚಡ್ಡಿ, ತೆಳು ಅಂಗಿಯಲ್ಲಿದ್ದರು. ಗಾಳಿ ತಡೆಯೋ ಜಾಕೆಟ್ ಕಡ್ಡಾಯ ಇರಲಿಲ್ಲ. 21 ಓಟಗಾರರು ಚಳಿಗೆ ಸಿಕ್ಕಿ ತೀರಿಕೊಂಡರು, ಅವರಲ್ಲಿ ದೇಶದ ಅಗ್ರ ಓಟಗಾರರೂ ಇದ್ದರು. ಅಂಥವರಿಗೇ ಹೀಗಾಗಿದೆ. ಮಾಂಟ್ ಬ್ಲಾಂಕ್ ಸುತ್ತುವ ಯುಟಿಎಂಬಿ ಓಟ ಆಗಸ್ಟಿನಲ್ಲೇ ನಡೆಯೋದು, ಆದರೂ ಟೋಪಿ ಇರುವ ಮಳೆ ಜಾಕೆಟ್, ಮೈ ಸುತ್ತಿಕೊಳ್ಳೋ ತುರ್ತು ಹೊದಿಕೆ, ವಿಸಿಲ್, ಕನಿಷ್ಠ ಒಂದು ಲೀಟರ್ ನೀರಿನ ಪಾತ್ರೆ ಇಲ್ಲದೆ ಅಲ್ಲಿ ಓಡೋ ಹಾಗಿಲ್ಲ. ಅದೇ ಪಟ್ಟಿಯನ್ನು ನೀವೂ ಇಟ್ಟುಕೊಳ್ಳಿ, ಮೇಲೊಂದು ಹೆಡ್‌ಲ್ಯಾಂಪ್ (ಹಣೆಗೆ ಕಟ್ಟಿಕೊಳ್ಳೋ ದೀಪ).

ಗುಡುಗಿನ ವಿಷಯಕ್ಕೆ ಬೆಳಿಗ್ಗೆಯೇ ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಬೇಸಿಗೆಯಲ್ಲಿ ನೆಲ ಕಾದು ಬಿಸಿ ಗಾಳಿ ಮೇಲೇರಿ ಮೋಡ ಕಟ್ಟೋಕೆ ಮಧ್ಯಾಹ್ನ ಆಗುತ್ತೆ, ಅಷ್ಟರಲ್ಲಿ ನೀವು ಶಿಖರದಿಂದಲೂ ಬೋಳು ಏಣಿನಿಂದಲೂ (ಏಣು ಅಂದ್ರೆ ಬೆಟ್ಟದ ನೆತ್ತಿಯ ಉದ್ದನೆಯ ಅಂಚು) ಇಳಿದಿರಬೇಕು. ಹನ್ನೊಂದು ಗಂಟೆಗೆ ಎಲ್ಲಿದ್ದರೂ ವಾಪಸ್ ಅಂತ ಮಾತಾಗಿದ್ದರೆ, ತುದಿ ಇನ್ನು ಇನ್ನೂರು ಮೀಟರ್ ಅಷ್ಟೇ ಇದ್ದರೂ ವಾಪಸ್. ಮೇಲೆ ನಿಂತು ವಾದ ಮಾಡೋಕೆ ಅವಕಾಶ ಇರಬಾರದು, ಅದಕ್ಕೇ ಕೆಳಗೇ ತೀರ್ಮಾನ ಮಾಡೋದು. ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿ, ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ದೂರ. ಮೂವತ್ತಕ್ಕಿಂತ ಕಡಿಮೆ ಬಂದರೆ ನೀವು ಅಪಾಯದ ಒಳಗಿದ್ದೀರಿ. ಏಣು ಬಿಟ್ಟು ಇಳಿಯಿರಿ, ಒಂಟಿ ಮರದ ಕೆಳಗೆ ನಿಲ್ಲಬೇಡಿ, ಕೈಕೋಲು ದೂರ ಇಡಿ, ಒಬ್ಬರಿಂದೊಬ್ಬರು ಕನಿಷ್ಠ 15 ಮೀಟರ್ ದೂರ ಇರಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗೋವರೆಗೆ ಮತ್ತೆ ಮೇಲೆ ಹೋಗಬೇಡಿ.

ಬಯಲುಓಟ:

ವಿಸಿಲ್ ಊದೋದಕ್ಕೂ ಏನಾದರೂ ಕ್ರಮ ಇದೆಯಾ?

ಎರಡುಗುಂಪು:

ಇದೆ. ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಸುಮ್ಮನಿರಿ, ಮತ್ತೆ ಆರು ಸಲ. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸಲ ಊದಿ ಉತ್ತರ ಕೊಡಬೇಕು. ಉತ್ತರ ಬಂತು ಅಂತ ನಿಲ್ಲಿಸಬೇಡಿ, ಅವರು ಹತ್ತಿರ ಬರೋವರೆಗೂ ಊದ್ತಾ ಇರಿ. ರಾತ್ರಿ ಹೆಡ್‌ಲ್ಯಾಂಪ್ ಬೆಳಕಿನಲ್ಲೂ ಇದೇ ಲೆಕ್ಕ. ಹೋಗೋಕೆ ಮುಂಚೆ ಏಳೂ ಜನಕ್ಕೆ ಒಂದು ಸಲ ಊದಿಸಿ ನೋಡಿ. ವಿಸಿಲ್ ಚೀಲದ ಒಳಗೆ ಬೇಡ, ಎದೆಯ ಪಟ್ಟಿಗೇ ಕಟ್ಟಿಕೊಳ್ಳಿ.